ನೆರೆಗೆ ಮುನ್ನಿನ ನೆರವು

'ಪರಿಹಾರ' ಎಂಬುದು ಕನ್ನಡದಲ್ಲಿ ಬಹಳ ದುಡಿದ ಶಬ್ದ. ಶಾಸನಗಳಲ್ಲಿ 'ಸರ್ವಬಾಧಾಪರಿಹಾರ' ಎಂದು ಬಂದಾಗ ಅದು ತೆರಿಗೆಯ ವಿನಾಯತಿಯನ್ನು ಸೂಚಿಸುತ್ತದೆ. ಜೋಯಿಸರ ಬಾಯಲ್ಲಿ ದೋಷನಿವಾರಣೆಯನ್ನು. ಸರಕಾರದ ಪ್ರಕಟನೆಯಲ್ಲಿ, ನೆರೆಯೋ ಬರವೋ ಬಂದು ಹೋದ ಮೇಲೆ ಜನರ ಕೈಸೇರುವ ಹಣವನ್ನು. ಈ ಕಡೆಯ ಅರ್ಥವೇ ರೂಢಿಯಲ್ಲಿ ಗಟ್ಟಿಯಾಗಿರುವುದರಿಂದ, ನೆರೆ ಬರುವ ಮುನ್ನವೇ ಅದರ ಪೆಟ್ಟನ್ನು ತಗ್ಗಿಸಲು ಸರಕಾರ ಕೊಡುವ ಹಣ ಬೇರೊಂದಿದೆ ಎಂಬ ಸಂಗತಿ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. ಕಾಯದೆಯ ಭಾಷೆಯಲ್ಲಿ ಅದಕ್ಕೆ ಉಪಶಮನ ನಿಧಿ ಎಂದು ಹೆಸರು. ಈ ಎರಡು ಹಣಗಳ ಭೇದವೇನು, ಎರಡನೆಯದು ಇಷ್ಟು ತಡವಾಗಿ ಬಂದುದೇಕೆ, ಬಂದ ಮೇಲೆ ಅದು ಯಾರ ಹೊಣೆಗೆ ಬೀಳುತ್ತದೆ ಎಂಬುದನ್ನು ನೋಡಲು ಪುಣೆಯ ಸದಾಶಿವ ಪೇಠ ಒಳ್ಳೆಯ ನೆಲೆ.

ಪಾಣಿಪತದಲ್ಲಿ 1761ರಲ್ಲಿ ಮಡಿದ ಸದಾಶಿವರಾವ ಭಾವೂನ ಹೆಸರನ್ನು ಹೊತ್ತ ಈ ಪೇಠವು ಸರಿಯಾಗಿ 200 ವರ್ಷಗಳ ಮೇಲೆ ಇನ್ನೊಂದು ವಿಧದ ಆಘಾತವನ್ನು ಕಂಡಿತು. 1961ರ ಜುಲೈ 12ರಂದು ಮುಂಜಾನೆ, ಅಂಬೀ ನದಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರೆಲ್ಲ ಕೆಳಗಿನ ಖಡಕವಾಸಲೆಯ ಮೇಲೆ ಬಿದ್ದುದರಿಂದ, ಹತ್ತೊಂಬತ್ತನೆಯ ಶತಮಾನದ ಆ ಕಲ್ಲಿನ ಕಟ್ಟೆಯೂ ಅದೇ ದಿನ ಕೊಚ್ಚಿಹೋಯಿತು. ಮುಠಾ ನದಿ ತನ್ನ ದಂಡೆಯನ್ನು ಮರೆಯಿತು. ಶನಿವಾರ, ನಾರಾಯಣ, ಕಸಬಾ ಪೇಠಗಳೂ ಸದಾಶಿವ ಪೇಠದ ನದಿಯ ಕಡೆಗಿನ ಭಾಗವೂ ಡೆಕ್ಕನ್ ಜಿಮಖಾನೆಯೂ ನೀರಿನಲ್ಲಿ ನಿಂತವು. ಮಣ್ಣಿನ ಗೋಡೆಯ ವಾಡೆಗಳು ನಿಂತಲ್ಲಿಯೇ ಕುಸಿದವು. ಮಡಿದವರು ಸುಮಾರು 1,000 ಮಂದಿ ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಖಡಕವಾಸಲೆ ಹೋದ ಮೇಲೆ ಊರಿಗೆ ಕುಡಿಯುವ ನೀರಿಲ್ಲದಾಯಿತು. ಆಗ ಬಳಕೆ ತಪ್ಪಿದ್ದ ಬಾವಿಗಳೂ, ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದು ಪೇಠಗಳಿಗೆ ಹಂಚಲು ಪೇಶವೆಯರು ಕಟ್ಟಿಸಿದ್ದ ಹೌದುಗಳೂ ಜನರ ಕೈಹಿಡಿದವು. ಎರಡು ಶತಮಾನಗಳ ಹಿಂದೆ ಬೇರೊಂದು ಉದ್ದೇಶಕ್ಕೆ ಹಾಕಿದ ಬಂಡವಾಳ ಹೀಗೆ ಆಪತ್ತಿನಲ್ಲಿ ಬಡ್ಡಿ ತಂದಿತು.

ಪೂರದ ಮೇಲಿನ ಕೆಲಸದಲ್ಲಿ ಸರಕಾರ ಕೈಕಟ್ಟಿ ಕುಳಿತಿತೆಂದು ಹೇಳಲಾಗದು. ಮನೆ ಕಳೆದುಕೊಂಡವರಿಗಾಗಿ ತಗಡಿನ ಅರ್ಧಗೋಲದ ತಾತ್ಪೂರ್ತಿಕ ಮನೆಗಳೆದ್ದವು. ಲೋಕಮಾನ್ಯನಗರ, ಗೋಖಲೇನಗರ, ಸಹಕಾರನಗರಗಳಂಥ ವಸತಿಗಳು ಬೆಳೆದವು. 'ಪೂರಗ್ರಸ್ತ'ರು ಸಹಕಾರಿ ಗೃಹನಿರ್ಮಾಣ ಸಂಘಗಳನ್ನು ಕಟ್ಟಿಕೊಂಡು, ಸರಕಾರದ ನಿವೇಶನಗಳಲ್ಲಿ ನೆಲೆಯೂರಿದರು. ಆ ನಿವೇಶನಗಳ ಒಡೆತನದ ತಕರಾರು ಅರ್ಧ ಶತಮಾನ ಕಳೆದರೂ ಮುಗಿಯಲಿಲ್ಲವೆಂಬುದು ಬೇರೆ ಮಾತು. ಇದೆಲ್ಲ ಪರಿಹಾರವೇ, ಅದರಲ್ಲಿ ಒಂದಿಷ್ಟು ಉಪಶಮನವೂ ಇದ್ದಿತು, ಏಕೆಂದರೆ ಜನರನ್ನು ಮುಠೆಯ ದಂಡೆಯಿಂದ ಎತ್ತರದ ನೆಲಕ್ಕೆ ಸಾಗಿಸಲಾಯಿತು. ಆದರೆ ಆ ಎತ್ತರದ ನೆಲದ ಪಕ್ಕದಲ್ಲಿ ಹರಿಯುವ ಹಳ್ಳವನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ತೋರುವುದಿಲ್ಲ.

ಆ ಹಳ್ಳದ ಹೆಸರು ಅಂಬಿಲ ಓಢಾ. ಕಾತ್ರಜದ ಗುಡ್ಡಗಳಲ್ಲಿ ಹುಟ್ಟಿ, ಹಿಂದೆ ಹಳೆಯ ಊರಿನ ಮಗ್ಗುಲಲ್ಲಿಯೇ ಹರಿದು ಮುಠೆಯನ್ನು ಸೇರುತ್ತಿದ್ದ ಇದನ್ನು ಹದಿನೆಂಟನೆಯ ಶತಮಾನದ ನಡುವೆ ನಾನಾಸಾಹೇಬ ಪೇಶವೆಯು ಪರ್ವತಿಯ ಬುಡದಿಂದ ಪಶ್ಚಿಮಕ್ಕೆ ತಿರುಗಿಸಿದನು. ಊರು ದಕ್ಷಿಣಕ್ಕೆ ಬೆಳೆಯಲು ಅನುಕೂಲವಾದುದು ಇದರಿಂದಲೇ. ಇಂದು ಹಳ್ಳವು ಸಹಕಾರನಗರ, ಅರಣ್ಯೇಶ್ವರಗಳನ್ನು ದಾಟಿ, ದಾಂಡೇಕರ ಪೂಲಿನ ಅಡಿಯಿಂದ ಸಾಗಿ ಮುಠೆಗೆ ಬೀಳುತ್ತದೆ. ವರ್ಷದ ಬಹುಭಾಗ ಅದು ಹಳ್ಳವೋ ಗಟಾರವೋ ಎಂಬ ಸಂದೇಹ ಹುಟ್ಟುವಂತಿರುವುದರಿಂದ, ಎರಡೂ ದಂಡೆಗಳಿಂದ ಮನೆಗಳು, ಗೋಡೆಗಳು, ರಸ್ತೆಗಳು ಒಳಕ್ಕೆ ಸರಿದವು. 2019ರ ಸೆಪ್ಟಂಬರ 25ರ ರಾತ್ರಿ ಕಾತ್ರಜದ ಕಡೆಗೆ ಭಾರಿ ಮಳೆ ಸುರಿದಾಗ ಹಳ್ಳವು ತನ್ನ ಹಳೆಯ ಅಗಲವನ್ನು ಕೇಳಿತು. ಪುಣೆ ಹಾಗೂ ಸುತ್ತಲಿನ ಪ್ರದೇಶದಲ್ಲಿ 20ಕ್ಕಿಂತ ಹೆಚ್ಚು ಜನ ಸತ್ತರು. ಅರಣ್ಯೇಶ್ವರದ ಟಾಂಗೇವಾಲಾ ಕಾಲೋನಿಯಂಥ ಬಡವರ ವಸತಿಗೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ನದಿಗೆ ಅಂಜಿ ಬಂದವರ ಬಡಾವಣೆಯನ್ನು ಹಳ್ಳವು ಹೊಕ್ಕಿತು.

ಒಂದು ನೆರೆಯ ಪರಿಹಾರವು ಮುಂದಿನ ನೆರೆಗೆ ದಾರಿಯಾಗುವುದು ಹೀಗೆ. ಇದಕ್ಕೆ ಅಧಿಕಾರಿಗಳ ಅಜಾಗ್ರತೆಯೊಂದೇ ಕಾರಣವಲ್ಲ. ಹಣ ಬರುವ ರೀತಿಯೂ ಕಾರಣ. ಎರಡನೆಯ ಹಣಕಾಸು ಆಯೋಗದ (1957) ಕಾಲದಿಂದ ರಾಜ್ಯಗಳ ಲೆಕ್ಕದಲ್ಲಿ ಆಪತ್ತಿಗೆಂದು ಒಂದು 'ಅಂಚಿನ ಹಣ'ವನ್ನು ಕೂಡಿಸುವ ಪದ್ಧತಿಯಿದ್ದಿತು. ವೆಚ್ಚವು ಅದನ್ನು ಮೀರಿದರೆ ರಾಜ್ಯವು ಕೇಂದ್ರದ ಬಾಗಿಲಿಗೆ ಹೋಗಬೇಕು. ಒಂಬತ್ತನೆಯ ಆಯೋಗವು ಇದನ್ನು ಬದಲಿಸಿ, 1990ರಿಂದ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿಯನ್ನು ಏರ್ಪಡಿಸಿತು: ದೇಶಕ್ಕೆಲ್ಲ ವರ್ಷಕ್ಕೆ 804 ಕೋಟಿ ರೂಪಾಯಿ, ಅದರಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು, ಕಾಲುಪಾಲು ರಾಜ್ಯದ್ದು. ಮೊತ್ತ ಬೆಳೆಯಿತು, ಹೆಸರು ಬದಲಾಯಿತು. ಹಣದ ಸ್ವಭಾವ ಮಾತ್ರ ಹಾಗೆಯೇ ಉಳಿಯಿತು. ಹಾನಿಯ ಪಂಚನಾಮೆಯಿಲ್ಲದೆ ಅದು ಪೆಟ್ಟಿಗೆಯಿಂದ ಹೊರಬೀಳುತ್ತಿರಲಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯದೆ ಈ ಕೊರತೆಯನ್ನು ಗುರುತಿಸಿತು. ಅದರ 46ನೆಯ ಕಲಮು ಸ್ಪಂದನೆಯ ನಿಧಿಯನ್ನೂ 47ನೆಯದು ಉಪಶಮನದ ನಿಧಿಯನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ಮೊದಲನೆಯದು ಬೇಗನೆ ಜೀವ ತಳೆಯಿತು. ಎರಡನೆಯದು ಕಾಯದೆಯ ಪುಟದಲ್ಲಿ ಹದಿನೈದು ವರ್ಷ ಮಲಗಿದ್ದು, 2021ರ ಫೆಬ್ರುವರಿಯಲ್ಲಿ ಎದ್ದಿತು. ಎಬ್ಬಿಸಿದುದು ಎನ್. ಕೆ. ಸಿಂಗರ ಅಧ್ಯಕ್ಷತೆಯ ಹದಿನೈದನೆಯ ಹಣಕಾಸು ಆಯೋಗ. 2021ರಿಂದ 2026ರ ವರೆಗಿನ ಐದು ವರ್ಷಗಳಿಗೆ ರಾಜ್ಯಗಳ ಮಟ್ಟದಲ್ಲಿ 1,60,153 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿ, ಅದರ ನೂರಕ್ಕೆ 20ನ್ನು ಉಪಶಮನಕ್ಕೇ ಮೀಸಲಿಡಬೇಕೆಂದು ಅದು ಹೇಳಿತು. ರಾಷ್ಟ್ರೀಯ ಮಟ್ಟದ 68,463 ಕೋಟಿಯಲ್ಲಿಯೂ 13,693 ಕೋಟಿ ಇದಕ್ಕೇ. ಒಂದು ನಿಧಿಯ ಹಣವನ್ನು ಇನ್ನೊಂದಕ್ಕೆ ಎತ್ತಿಹಾಕುವಂತಿಲ್ಲ. ಲೆಕ್ಕಪತ್ರದ ಪರಿಚಯವುಳ್ಳವರಿಗೆ ಈ ಕಟ್ಟಿನ ಬೆಲೆ ಹೊಳೆಯದಿರದು: ಒಂದೇ ಖಾತೆಯಲ್ಲಿ ತುರ್ತಿನ ವೆಚ್ಚವೂ ಮುಂದಾಲೋಚನೆಯ ವೆಚ್ಚವೂ ಇದ್ದರೆ ಪ್ರತಿಸಲವೂ ತುರ್ತೇ ಗೆಲ್ಲುತ್ತದೆ.

ಆಯೋಗವು ಇನ್ನೊಂದು ಮಾತನ್ನು ಸೇರಿಸಿದೆ, ಅದು ಹೆಚ್ಚು ಮನನೀಯವಾದುದು. ಸಮುದ್ರದ ಗೋಡೆ, ದೊಡ್ಡ ನೆರೆಕಟ್ಟೆಗಳಂಥ ಭಾರಿ ಕಾಮಗಾರಿಗಳನ್ನು ಸಾಮಾನ್ಯ ಅಭಿವೃದ್ಧಿ ಯೋಜನೆಗಳಲ್ಲಿ ಮಾಡಬೇಕು. ಉಪಶಮನದ ಹಣವು ಸ್ಥಳೀಯವಾದ, ಸಮುದಾಯವೇ ಕೈಹಾಕಬಲ್ಲ ಕೆಲಸಗಳಿಗೆ ಹೋಗಬೇಕು. ಇದರ ಜೊತೆಗೆ, ನಗರದ ನೆರೆಗೆಂದು ಏಳು ಮಹಾನಗರಗಳಿಗೆ 2,500 ಕೋಟಿಯನ್ನು ಅದು ಪ್ರತ್ಯೇಕವಾಗಿ ಹಂಚಿತು. ಮುಂಬಯಿ, ಚೆನ್ನೈ, ಕೋಲಕತ್ತೆಗಳಿಗೆ ತಲಾ 500 ಕೋಟಿ. ಬೆಂಗಳೂರು, ಹೈದರಾಬಾದ, ಅಹಮದಾಬಾದ, ಪುಣೆಗಳಿಗೆ ತಲಾ 250 ಕೋಟಿ. ಮೊದಲು ಒಪ್ಪಿಗೆ ಪಡೆದುದು ಚೆನ್ನೈಯ ಯೋಜನೆ, 2023ರ ಡಿಸೆಂಬರದಲ್ಲಿ, ಅದೂ ಮಿಚಾಂಗ ಚಂಡಮಾರುತವು ಆ ನಗರವನ್ನು ಮುಳುಗಿಸಿದ ವಾರದಲ್ಲಿ. ನೆರೆಗೆ ಮುನ್ನ ಕೊಡಲೆಂದು ಹುಟ್ಟಿದ ಹಣವೂ ನೆರೆಯ ದಾರಿಯನ್ನೇ ಕಾಯಬೇಕಾದುದು ವಿಚಿತ್ರವಲ್ಲವೆ? 2024 ಮುಗಿಯುವುದರೊಳಗೆ ಏಳೂ ನಗರಗಳ ಯೋಜನೆಗಳಿಗೆ ಒಟ್ಟು 3,075.65 ಕೋಟಿ ರೂಪಾಯಿಗಳ ಮಂಜೂರಾತಿ ದೊರೆತಿತ್ತು.

ಅದೇ ವರ್ಷದ ಜುಲೈ 25ರಂದು ಪುಣೆಯಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ನಗರದ ನಕ್ಷೆಯಲ್ಲಿ ಮುಠೆಯ ಎರಡೂ ಕಡೆಗೆ ಒಂದು ನೀಲಿ ಗೆರೆಯೂ ಒಂದು ಕೆಂಪು ಗೆರೆಯೂ ಇವೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪೂರದ ಮೇರೆ ನೀಲಿ, ನೂರು ವರ್ಷಕ್ಕೊಮ್ಮೆ ಬರುವುದರ ಮೇರೆ ಕೆಂಪು. ನೀಲಿ ಗೆರೆಯನ್ನು ಎಳೆದುದು ಸೆಕೆಂಡಿಗೆ 60,000 ಘನ ಅಡಿ ನೀರಿನ ಲೆಕ್ಕದ ಮೇಲೆ. ಆ ಮುಂಜಾನೆ ಖಡಕವಾಸಲೆಯಿಂದ ಬಿಟ್ಟ ನೀರು ಸುಮಾರು 35,000 ಘನ ಅಡಿ. ಆದರೂ ಸಿಂಹಗಡ ರಸ್ತೆಯ ಏಕತಾನಗರಿ ಮುಳುಗಿತು; ಸೈನ್ಯವನ್ನು ಕರೆಯಬೇಕಾಯಿತು. ಅಣೆಕಟ್ಟಿನ ಕೆಳಗೆ ಸುರಿದ ಮಳೆಯ ಪಾಲನ್ನು ಕೂಡಿಸಿಕೊಂಡರೂ, ಗೆರೆ ಎಳೆದಾಗಿನ ನದಿಗಿಂತ ಇಂದಿನ ನದಿ ಕಿರಿದಾಗಿದೆಯೆಂದೇ ತರ್ಕಿಸಬೇಕಾಗುತ್ತದೆ. ಪಾತ್ರಕ್ಕೆ ಮಣ್ಣು ತುಂಬುವುದನ್ನು ತಡೆಯಲು 250 ಕೋಟಿ ಬೇಡ. ಅಲ್ಲಿ ಬೇಕಾಗಿರುವುದು ಪ್ರತಿವರ್ಷ ಹೋಗಿ ನೋಡುವ ಒಬ್ಬ ಮನುಷ್ಯ.

ಅಮೇರಿಕೆಯಲ್ಲಿ ಈ ಬಗೆಯ ಅನುದಾನ 1988ರ ಸ್ಟಾಫರ್ಡ್ ಕಾಯದೆಯಿಂದ ನಡೆದುಬಂದಿದೆ. ಅಲ್ಲಿಯೂ ಸಾಮಾನ್ಯವಾಗಿ ಮುಕ್ಕಾಲು ಪಾಲು ಕೇಂದ್ರದ್ದು. ಮೇಲಿಂದ ಮೇಲೆ ಮುಳುಗುವ ಮನೆಯನ್ನು ಒಡೆಯನ ಒಪ್ಪಿಗೆಯಿಂದ ಕೊಂಡು ಕೆಡವಿ, ಆ ನಿವೇಶನವನ್ನು ಎಂದೆಂದಿಗೂ ಬಯಲಾಗಿಯೇ ಇಡಬೇಕೆಂಬ ಕರಾರನ್ನು ಖರೀದಿಪತ್ರದಲ್ಲಿ ಬರೆಯುವುದು ಅಲ್ಲಿನ ಒಂದು ಕ್ರಮ. ಕಟ್ಟಡ ವಿಜ್ಞಾನಗಳ ಅಲ್ಲಿಯ ರಾಷ್ಟ್ರೀಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಇಂಥ ಅನುದಾನದ ಒಂದು ಡಾಲರು ಮುಂದಿನ ಆರು ಡಾಲರಿನ ನಷ್ಟವನ್ನು ಉಳಿಸುತ್ತದೆ. ಇಷ್ಟಾದರೂ 2025ರ ಏಪ್ರಿಲಿನಲ್ಲಿ ಅಲ್ಲಿನ ಆಡಳಿತವು ಸಮುದಾಯಗಳಿಗೆ ಮುಂಗಡವಾಗಿ ನೆರವು ಕೊಡುವ ಒಂದು ದೊಡ್ಡ ಯೋಜನೆಯನ್ನು ನಿಲ್ಲಿಸುವುದಾಗಿ ಸಾರಿತು. ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಒಂದಕ್ಕೆ ಆರರಷ್ಟು ಲಾಭವಿರುವ ವ್ಯವಹಾರವನ್ನು ಸರಕಾರಗಳು ಕೈಬಿಡುವುದು ಹೇಗೆ? ಉತ್ತರ ಸರಳವಾಗಿದೆ. ಬಾರದ ನಷ್ಟಕ್ಕೆ ಹಕ್ಕುದಾರರಿಲ್ಲ. ಪರಿಹಾರದ ಹಣಕ್ಕೆ ಮನೆ ಬಿದ್ದವನು ಇದ್ದಾನೆ, ತಹಶೀಲದಾರನ ಕಚೇರಿಯ ಮುಂದೆ ನಿಂತು ಕೇಳುತ್ತಾನೆ. ಉಪಶಮನದ ಹಣವನ್ನು ಕೇಳುವವನು ಇನ್ನೂ ಬೀಳದ ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ.

ಕನ್ನಡ ನಾಡಿನ ಹಳೆಯ ಪದ್ಧತಿ ಈ ತೊಡಕನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ್ದಿತು. ಕೆರೆಯನ್ನು ಕಟ್ಟಿದವನಿಗೆ ಅಥವಾ ಒಡೆದ ಏರಿಯನ್ನು ದುರಸ್ತು ಮಾಡಿದವನಿಗೆ ತೆರಿಗೆಯಿಲ್ಲದೆಯೋ ಇಳಿಸಿದ ತೆರಿಗೆಗೋ ಬಿಟ್ಟ ಭೂಮಿಯನ್ನು ಶಾಸನಗಳು 'ಕಟ್ಟುಗೊಡಗೆ' ಎನ್ನುತ್ತವೆ. ಕೆರೆಯ ರಕ್ಷಣೆಗೆಂದು ಎತ್ತಿಟ್ಟ ಪಾಲು 'ಬಿತ್ತುವಟ್ಟ'. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ಇವಕ್ಕೆ ನಿದರ್ಶನಗಳು ಹೇರಳವಾಗಿವೆ. ಏರಿಯೊಡೆದರೆ ಕೆಳಗಿನ ಊರಿಗೆ ನೆರೆ, ಮುಂದಿನ ವರ್ಷಕ್ಕೆ ಬರ. ಆದುದರಿಂದ ಇವನ್ನು ಉಪಶಮನದ ಅನುದಾನಗಳೆಂದೇ ಕರೆಯಬಹುದಾಗಿದೆ. ಅವುಗಳ ವಿಶೇಷವೆಂದರೆ, ಅರಸನ ಬೊಕ್ಕಸದಿಂದ ಒಮ್ಮೆ ಬಂದು ಮುಗಿದುಹೋಗುವ ಹಣ ಅಲ್ಲಿರಲಿಲ್ಲ. ವರ್ಷ ವರ್ಷವೂ ಫಲ ಕೊಡುವ ಭೂಮಿಯಿದ್ದಿತು, ಅದನ್ನು ಉಣ್ಣುವ ಹೆಸರುಳ್ಳ ಮನುಷ್ಯನಿದ್ದನು, ಏರಿಯ ಹೊಣೆ ಅವನ ಮೇಲಿದ್ದಿತು. ಆ ವ್ಯವಸ್ಥೆಯಲ್ಲಿ ಭೂಮಿಯುಳ್ಳವರ ಮೇಲುಗೈ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಅಂಬಿಲ ಓಢಾದ ಪಕ್ಕದ ತಡೆಗೋಡೆಗೆ ಇಂದು ಅನುದಾನ ದೊರೆಯಬಹುದು. ಅದರ ಕಸವನ್ನು ಪ್ರತಿ ಮೇ ತಿಂಗಳಲ್ಲಿ ತೆಗೆಸುವ ಹೊಣೆಗೆ ಕಟ್ಟುಗೊಡಗೆ ಉಣ್ಣುವವರು ಯಾರೂ ಇಲ್ಲ. ದಂಡೆಯ ಗೃಹನಿರ್ಮಾಣ ಸಂಘಗಳಿಗೆ ಆಸ್ತಿತೆರಿಗೆಯಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ಆ ಹೊಣೆಯನ್ನು ಕರಾರಿನಿಂದ ಒಪ್ಪಿಸಿದರೆ, ಆಯೋಗವು ಹೇಳಿದ 'ಸಮುದಾಯದ ಕೆಲಸ' ಎಂಬ ಮಾತಿಗೆ ಅರ್ಥ ಬಂದೀತು.

ಕರ್ನಾಟಕಕ್ಕೆ ಇದರಲ್ಲಿ ನೇರವಾದ ಆಸಕ್ತಿಯಿದೆ, ಬೆಂಗಳೂರಿನ 250 ಕೋಟಿಯಿಂದ ಮಾತ್ರವಲ್ಲ. ಲಕಡಿ ಪೂಲಿನ ಅಡಿ ಹರಿದ ನೀರು ಮುಳಾ-ಮುಠಾ ಆಗಿ ಭೀಮೆಯನ್ನು ಸೇರಿ, ಉಜನಿ ಜಲಾಶಯ ಮತ್ತು ಪಂಢರಪುರಗಳನ್ನು ದಾಟಿ, ಇಂಡಿ ಅಫಜಲಪುರಗಳ ಸೀಮೆಯಲ್ಲಿ ಕನ್ನಡ ನಾಡನ್ನು ಹೊಕ್ಕು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಕೂಡುತ್ತದೆ. 2020ರ ಅಕ್ಟೋಬರದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಹಳ್ಳಿಗಳನ್ನು ತೆರವು ಮಾಡಿಸಬೇಕಾಯಿತು. 2009ರ ನೆರೆಯ ಮೇಲೆ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನೊಡನೆ 'ಆಸರೆ' ಮನೆಗಳನ್ನು ಕಟ್ಟಿದುದುಂಟು; ಹೊಲದಿಂದ ದೂರವಾದುದರಿಂದ ಹಲವೆಡೆ ಅವು ಖಾಲಿ ಉಳಿದು, ಜನ ಹಳೆಯ ಊರಿಗೇ ಮರಳಿದರು. ಸಹಕಾರನಗರದ ಕಥೆಯ ಇನ್ನೊಂದು ಮುಖವಿದು.

ಆದರೆ ಹಣದ ಹಂಚಿಕೆ ನದಿಯನ್ನು ಅನುಸರಿಸುವುದಿಲ್ಲ. 2021-22ರಲ್ಲಿ ಎರಡೂ ನಿಧಿಗಳು ಕೂಡಿ ಮಹಾರಾಷ್ಟ್ರದ ಪಾಲು 4,296 ಕೋಟಿ, ಕರ್ನಾಟಕದ್ದು 1,054 ಕೋಟಿ. ಅಂದರೆ ಉಪಶಮನಕ್ಕೆ ಅಲ್ಲಿ ಸುಮಾರು 859 ಕೋಟಿ, ಇಲ್ಲಿ 211 ಕೋಟಿ. ಹಂಚಿಕೆಯ ಸೂತ್ರದಲ್ಲಿ ನೂರಕ್ಕೆ 70ರಷ್ಟು ತೂಕ ಹಿಂದಿನ ವೆಚ್ಚಕ್ಕೆ; ಉಳಿದುದು ಕ್ಷೇತ್ರಫಲ, ಜನಸಂಖ್ಯೆಗಳಿಗೆ, ಮೇಲೆ ಅಪಾಯದ ಸೂಚಿಯೊಂದು. ಪರಿಹಾರಕ್ಕೆ ಹೆಚ್ಚು ವೆಚ್ಚ ಮಾಡಿ ಬಂದ ರಾಜ್ಯಕ್ಕೆ ಉಪಶಮನದಲ್ಲಿಯೂ ಹೆಚ್ಚು ಪಾಲು ಎಂದಾಯಿತು. ಖಡಕವಾಸಲೆಯಿಂದ ಸೊನ್ನದ ಬಾಂದಾರದ ವರೆಗೆ ನೀರು ಎಷ್ಟು ಹೊತ್ತಿಗೆ, ಎಷ್ಟು ಎತ್ತರದಲ್ಲಿ ಬಂದೀತೆಂದು ದಂಡೆಯ ಪಂಚಾಯತಿಗಳಿಗೆ ತಿಳಿಸುವ ವ್ಯವಸ್ಥೆಗೆ ಬೇಕಾಗುವ ಹಣ ದೊಡ್ಡದಲ್ಲ. ಎರಡು ರಾಜ್ಯಗಳ ನಿಧಿಗಳಲ್ಲಿ ಯಾವುದರ ಮೇಲೆಯೂ ಅದು ಪೂರ್ತಿಯಾಗಿ ಬೀಳದಿರುವುದರಿಂದ ಅದರ ಸಹಜವಾದ ಸ್ಥಾನ ರಾಷ್ಟ್ರೀಯ ಉಪಶಮನ ನಿಧಿ. ಅದಕ್ಕೆ ಮುಂಬಯಿ ಮತ್ತು ಬೆಂಗಳೂರು ಕೂಡಿ ಒಂದೇ ಅರ್ಜಿಯನ್ನು ಬರೆಯಬೇಕಾಗುತ್ತದೆ.