ಸೋಂಕು ತಗುಲಿದ ಹೃದಯ ಕವಾಟಗಳಿಗೆ ಶಸ್ತ್ರಚಿಕಿತ್ಸೆ: ಸಾರ್ವಜನಿಕರ ಮಾಹಿತಿಗಾಗಿ

ಹೃದಯದ ನಾಲ್ಕು ಕವಾಟಗಳು ರಕ್ತವು ಒಂದೇ ದಿಕ್ಕಿನಲ್ಲಿ ಹರಿಯುವಂತೆ ನೋಡಿಕೊಳ್ಳುತ್ತವೆ. ರಕ್ತವನ್ನು ಸೇರಿದ ರೋಗಾಣುಗಳು ಕವಾಟದ ಮೇಲೆ ನೆಲೆಯೂರಿ ಬೆಳೆಯುವ ಕಾಯಿಲೆಯನ್ನು ಎಂಡೋಕಾರ್ಡೈಟಿಸ್ ಎನ್ನಲಾಗುತ್ತದೆ. ಚಿಕಿತ್ಸೆ ದೊರೆಯದಿದ್ದಲ್ಲಿ ಇದು ಪ್ರಾಣಾಂತಿಕವಾಗುತ್ತದೆ. ಜ್ವರ ಪೂರ್ಣವಾಗಿ ಇಳಿದ ನಂತರವೇ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂಬ ಭಾವನೆ ಸರಿಯಲ್ಲ. ಕೆಲವು ರೋಗಿಗಳಲ್ಲಿ ವಿಳಂಬವೇ ಹೆಚ್ಚಿನ ಅಪಾಯಕ್ಕೆ ಕಾರಣವಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು?

1. ರುಮ್ಯಾಟಿಕ್ ಜ್ವರದಿಂದ ಕವಾಟಗಳು ಹಾನಿಗೊಂಡವರು
2. ಕೃತಕ ಕವಾಟ ಅಳವಡಿಸಿಕೊಂಡವರು
3. ಹುಟ್ಟಿನಿಂದಲೇ ಕೆಲವು ಬಗೆಯ ಹೃದಯ ದೋಷವುಳ್ಳವರು
4. ಹಿಂದೆ ಇದೇ ಸೋಂಕಿಗೆ ಒಳಗಾಗಿದ್ದವರು
5. ಡಯಾಲಿಸಿಸ್ ಪಡೆಯುತ್ತಿರುವವರು

ಇಂತಹವರಲ್ಲಿ ಹಲವು ದಿನಗಳ ಜ್ವರ, ಚಳಿ, ತೂಕ ಇಳಿಕೆ ಅಥವಾ ಏದುಸಿರು ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಔಷಧಿ ಅಂಗಡಿಯಿಂದ ತಾವೇ ಆಂಟಿಬಯೋಟಿಕ್ ಮಾತ್ರೆಗಳನ್ನು ಪಡೆದು ಸೇವಿಸಬಾರದು. ಇದರಿಂದ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಪತ್ತೆಯಾಗದೆ ಹೋಗಬಹುದು. ಕವಾಟದ ಸ್ಥಿತಿಯನ್ನು ಎಕೋ ಪರೀಕ್ಷೆಯಿಂದ ತಿಳಿಯಲಾಗುತ್ತದೆ.

ಶಸ್ತ್ರಚಿಕಿತ್ಸೆ ಯಾವಾಗ ಅಗತ್ಯ?

ಸಾಮಾನ್ಯವಾಗಿ 4 ರಿಂದ 6 ವಾರಗಳ ಕಾಲ ಆಂಟಿಬಯೋಟಿಕ್ ಔಷಧಿಯನ್ನು ಬಹುತೇಕ ರಕ್ತನಾಳದ ಮೂಲಕ ನೀಡಲಾಗುತ್ತದೆ. ಆದರೆ ಈ ಕೆಳಕಂಡ ಸಂದರ್ಭಗಳಲ್ಲಿ ಔಷಧಿಯ ಅವಧಿ ಮುಗಿಯುವ ಮೊದಲೇ ಶಸ್ತ್ರಚಿಕಿತ್ಸೆ ಬೇಕಾಗಬಹುದು:

1. ಕವಾಟ ಹರಿದು ರಕ್ತ ಹಿಮ್ಮುಖವಾಗಿ ಸೋರಿ, ಹೃದಯ ವೈಫಲ್ಯ ಉಂಟಾದಾಗ
2. ಕವಾಟದ ಸುತ್ತ ಕೀವು ತುಂಬಿದಾಗ ಅಥವಾ ಔಷಧಿಯಿಂದ ಸೋಂಕು ಹತೋಟಿಗೆ ಬಾರದಿದ್ದಾಗ
3. ಕವಾಟದ ಮೇಲೆ ಬೆಳೆದ ಸೋಂಕಿನ ಗಡ್ಡೆ ದೊಡ್ಡದಾಗಿದ್ದು, ಅದರ ತುಣುಕು ಮೆದುಳನ್ನು ಸೇರಿ ಪಾರ್ಶ್ವವಾಯು ಉಂಟಾಗುವ ಸಂಭವವಿದ್ದಾಗ

ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿತ ಭಾಗವನ್ನು ತೆಗೆದುಹಾಕಿ, ಸಾಧ್ಯವಿದ್ದಲ್ಲಿ ಕವಾಟವನ್ನು ಸರಿಪಡಿಸಲಾಗುತ್ತದೆ; ಇಲ್ಲದಿದ್ದಲ್ಲಿ ಕೃತಕ ಕವಾಟ ಜೋಡಿಸಲಾಗುತ್ತದೆ. ಲೋಹ ಮುಂತಾದವುಗಳಿಂದ ತಯಾರಾದ ಕವಾಟ ದೀರ್ಘಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ಸೇವಿಸಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಅಭಿವೃದ್ಧಿಪಡಿಸಿ, 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಚಿತ್ರಾ ಕವಾಟವು ಈ ಬಗೆಯದಾಗಿದೆ. ಪ್ರಾಣಿಗಳ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಜೀವನಪರ್ಯಂತ ಈ ಮಾತ್ರೆ ಬೇಕಾಗದು. ಆದರೆ ವರ್ಷಗಳ ನಂತರ ಅದು ಸವೆಯುತ್ತದೆ.

ಆರ್ಥಿಕ ನೆರವು

ಕರ್ನಾಟಕದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇ. 30ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷಕ್ಕೆ ಮೀರದಂತೆ, ಭರಿಸಲಾಗುತ್ತದೆ.

ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಸಂಪರ್ಕಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಅಗತ್ಯತೆ ಬಗ್ಗೆ ಅವರಿಂದಲೇ ಮಾಹಿತಿ ಪಡೆಯಬಹುದು. ಯೋಜನೆಯಡಿ ತುರ್ತು ಎಂದು ಪಟ್ಟಿ ಮಾಡಲಾದ ಚಿಕಿತ್ಸೆಗಳಿಗೆ ಇದು ಬೇಕಿಲ್ಲ. ದಾಖಲೆಗಳು ಕೈಯಲ್ಲಿಲ್ಲವೆಂಬ ಕಾರಣಕ್ಕೆ ಏದುಸಿರಿನಿಂದ ಬಳಲುವ ರೋಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಅಂತಹ ರೋಗಿಯನ್ನು 108 ಆಂಬುಲೆನ್ಸ್ ಮೂಲಕ ಮೊದಲು ಆಸ್ಪತ್ರೆಗೆ ಸೇರಿಸತಕ್ಕದ್ದು.

ಶಸ್ತ್ರಚಿಕಿತ್ಸೆಯ ನಂತರ

ವೈದ್ಯರು ಸೂಚಿಸಿದಷ್ಟು ದಿನ ಆಂಟಿಬಯೋಟಿಕ್ ಮುಂದುವರಿಸಬೇಕು. ಪ್ರತಿದಿನ ಹಲ್ಲು ಹಾಗೂ ಒಸಡುಗಳನ್ನು ಶುಚಿಯಾಗಿಟ್ಟುಕೊಳ್ಳಬೇಕು. ಹಲ್ಲು ಕೀಳಿಸುವ ಮೊದಲು ಕವಾಟದ ಶಸ್ತ್ರಚಿಕಿತ್ಸೆ ಆಗಿರುವುದನ್ನು ದಂತವೈದ್ಯರ ಗಮನಕ್ಕೆ ತರತಕ್ಕದ್ದು. ಮತ್ತೆ ಜ್ವರ ಬಂದಲ್ಲಿ ನಿರ್ಲಕ್ಷಿಸದೆ ಹೃದ್ರೋಗ ತಜ್ಞರನ್ನು ಕಾಣಬೇಕು.