ಸವೆದ ಚರ್ಮದ ಸೀಟಿಗೆ ಮನೆಯಲ್ಲೇ ಜೀರ್ಣೋದ್ಧಾರ

ಕಾರಿನ ಚರ್ಮದ ಸೀಟು ಸವೆದಿದೆ ಎನ್ನುವಾಗ ಹೆಚ್ಚಿನ ಸಂದರ್ಭಗಳಲ್ಲಿ ಸವೆದಿರುವುದು ಚರ್ಮದ ಮೇಲಿನ ಬಣ್ಣದ ಪೊರೆ ಮಾತ್ರ. ಅದರ ಕೆಳಗಿನ ಚರ್ಮ ಇನ್ನೂ ಗಟ್ಟಿಯಾಗಿಯೇ ಇರುವುದರಿಂದ, ಹೊಸ ಹೊದಿಕೆಗೆ ಹಣ ತೆರುವ ಮೊದಲು ಮನೆಯಲ್ಲೇ ದುರಸ್ತಿ ಮಾಡುವ ಸಾಧ್ಯತೆಯನ್ನು ಪರಿಶೀಲಿಸುವುದು ಯುಕ್ತ. ಚರ್ಮ ಹೀಗೆ ಬಾಳುವುದಕ್ಕೆ ಕಾರಣ ಅದನ್ನು ಹದ ಮಾಡಿರುವುದು. ಹಸಿ ತೊಗಲಿನಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳನ್ನು ಕೊಳೆಯದಂತೆ ಸ್ಥಿರಗೊಳಿಸುವ ಕ್ರಿಯೆಯನ್ನು ಹದ ಮಾಡುವುದು ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಇದಕ್ಕೆ ತಂಗಡಿ ಗಿಡದ ತೊಗಟೆಯನ್ನೂ ಅಳಲೆಕಾಯಿಯನ್ನೂ ಬಳಸುವ ಪದ್ಧತಿ ಹಳೆಯದು. ಕಾರಿನ ಸೀಟಿಗೆ ಬರುವ ಚರ್ಮವನ್ನಾದರೋ ಹೆಚ್ಚಾಗಿ ಕ್ರೋಮಿಯಂ ಲವಣಗಳಿಂದ ಅಥವಾ ಆಲ್ಡಿಹೈಡ್ ವರ್ಗದ ರಾಸಾಯನಿಕಗಳಿಂದ ಹದಗೊಳಿಸಿ, ಅದರ ಮೇಲೆ ಬಣ್ಣ ಬೆರೆತ ಪಾಲಿಯುರೆಥೇನ್ ಪದರಗಳನ್ನೂ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ರಕ್ಷಾಲೇಪವನ್ನೂ ಹಚ್ಚಿರುತ್ತಾರೆ. ಚಾಲಕ ಹತ್ತಿ ಇಳಿಯುವಾಗಲೆಲ್ಲ ಬಾಗಿಲ ಬದಿಯ ಉಬ್ಬಿಗೆ ಬಟ್ಟೆ ಉಜ್ಜುವುದರಿಂದ ಸವೆತ ಅಲ್ಲಿಂದಲೇ ಆರಂಭವಾಗುತ್ತದೆ: ಮೊದಲು ಆ ಜಾಗ ಎಣ್ಣೆ ಹಿಡಿದಂತೆ ಹೊಳೆಯುತ್ತದೆ, ಬಳಿಕ ಸಣ್ಣ ಬಿರುಕುಗಳು ಮೂಡುತ್ತವೆ, ಕೊನೆಗೆ ಬಿರುಕಿನೊಳಗೆ ಬಣ್ಣವಿಲ್ಲದ ನಾರು ಕಾಣಿಸಿಕೊಳ್ಳುತ್ತದೆ.

ಮಂಗಳೂರಿನ ಬಿಜೈಯಂಥ ಪ್ರದೇಶದಲ್ಲಿ ಈ ಸವೆತಕ್ಕೆ ಹವೆಯೂ ಕೈಜೋಡಿಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಗರದಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುವುದರಿಂದ, ಫ್ಲ್ಯಾಟುಗಳ ನೆಲಮಾಳಿಗೆಯಲ್ಲಿ ಕದಲದೆ ನಿಂತ ಕಾರಿನ ಸೀಟುಗಳ ಮೇಲೆ ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ಬಿಳಿ ಬೂಷ್ಟು ಹಬ್ಬುವುದು ಸಾಮಾನ್ಯ.  ವಸ್ತುಸಂಗ್ರಹಾಲಯಗಳ ಸಂರಕ್ಷಣಾ ಶಾಸ್ತ್ರದ ಪ್ರಕಾರ ಚರ್ಮದ ವಸ್ತುಗಳಿಗೆ ಶೇಕಡಾ 50ರ ಆಸುಪಾಸಿನ ತೇವಾಂಶ ಹಿತಕರ. ಅದು ಶೇಕಡಾ 65–70ನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯತೊಡಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಮಿತಿ ದಿನನಿತ್ಯವೆಂಬಂತೆ ಮೀರುವುದರಿಂದ, ಒಣಹವೆಯ ನಾಡುಗಳಲ್ಲಿ ರೂಪುಗೊಂಡ ಉಪಾಯಗಳನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸುವಂತಿಲ್ಲ.

ಕೆಲಸಕ್ಕೆ ಕೈ ಹಾಕುವ ಮುನ್ನ ಸೀಟು ನಿಜವಾಗಿ ಚರ್ಮದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಲೆದರ್ ಎಂದು ಹೆಸರು ಪಡೆದ ಅನೇಕ ಸೀಟುಗಳಲ್ಲಿ ಮೈ ತಾಗುವ ಭಾಗವಷ್ಟೇ ಚರ್ಮವಾಗಿದ್ದು, ಬದಿ ಮತ್ತು ಬೆನ್ನು ರೆಕ್ಸಿನ್ ಆಗಿರುತ್ತವೆ. ಇನ್ನು ಕೆಲವು ಪೂರ್ತಿ ಕೃತಕ. ಸೀಟಿನ ಅಡಿಯಲ್ಲಿ ಮಡಚಿದ ಅಂಚನ್ನು ಬಿಡಿಸಿ ನೋಡಿದಾಗ ಹಿಂಬದಿಯಲ್ಲಿ ನೇಯ್ದ ಬಟ್ಟೆ ಕಂಡರೆ ಅದು ಕೃತಕ, ಮಖಮಲ್ಲಿನಂತೆ ನವಿರಾದ ನಾರು ಕಂಡರೆ ಚರ್ಮ. ಪಾಲಿಯುರೆಥೇನ್ ಲೇಪದ ಕೃತಕ ಹೊದಿಕೆಗಳು ಗಾಳಿಯ ತೇವದಿಂದಲೇ ವಿಘಟನೆಗೊಂಡು ಹಪ್ಪಳೆಯೆದ್ದು ಉದುರುತ್ತವೆ. ಜಲವಿಚ್ಛೇದನೆ ಎನ್ನಲಾಗುವ ಈ ಕ್ರಿಯೆ ಒಮ್ಮೆ ಆರಂಭವಾದ ಬಳಿಕ ಬಣ್ಣ ಬಳಿಯುವುದು ವ್ಯರ್ಥವಾದ್ದರಿಂದ, ಅಂಥ ಸೀಟಿಗೆ ಹೊದಿಕೆ ಬದಲಾಯಿಸುವುದೊಂದೇ ದಾರಿ.

ಚರ್ಮವೆಂದು ಖಾತ್ರಿಯಾದರೆ ಮೊದಲ ಕೆಲಸ ಶುಚಿಗೊಳಿಸುವುದು. ಹದಗೊಂಡ ಚರ್ಮ ಸ್ವಭಾವತಃ ತುಸು ಆಮ್ಲೀಯ. ಬಟ್ಟೆ ಒಗೆಯುವ ಸಾಬೂನುಪುಡಿ ಕ್ಷಾರೀಯವಾದುದರಿಂದ ಅದನ್ನು ಬಳಸದೆ, ಚರ್ಮಕ್ಕೆಂದೇ ತಯಾರಿಸಿದ ಸೌಮ್ಯ ದ್ರಾವಣದ ನೊರೆಯನ್ನು ಮೆದು ಬ್ರಶ್ಶಿನಿಂದ ವೃತ್ತಾಕಾರವಾಗಿ ಉಜ್ಜಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿಳಿಯ ನೊರೆ ಕಂದು ಬಣ್ಣಕ್ಕೆ ತಿರುಗುವುದನ್ನೂ, ಕಪ್ಪಾಗಿ ಹೊಳೆಯುತ್ತಿದ್ದ ಜಾಗದಲ್ಲಿ ಚರ್ಮದ ಸೂಕ್ಷ್ಮ ರೇಖೆಗಳು ಮತ್ತೆ ತೆರೆದುಕೊಳ್ಳುವುದನ್ನೂ ಕಂಡಾಗ, ಹಾಳಾಯಿತೆಂದು ಭಾವಿಸಿದ್ದರಲ್ಲಿ ಎಷ್ಟೋ ಪಾಲು ಬೆವರು, ಜಿಡ್ಡು ಮತ್ತು ಧೂಳು ಮಾತ್ರವಾಗಿತ್ತೆಂದು ತಿಳಿಯುತ್ತದೆ. ಅನೇಕ ಸೀಟುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದೂ ಇಲ್ಲ. ಚರ್ಮ ಒಣಗಿದೆಯೆಂದು ತೆಂಗಿನೆಣ್ಣೆ ಸವರುವ ರೂಢಿಯನ್ನಂತೂ ಕೈಬಿಡಲೇಬೇಕು. ಬಣ್ಣದ ಪೊರೆಯನ್ನು ದಾಟಿ ಎಣ್ಣೆ ಸಮನಾಗಿ ಒಳಗಿಳಿಯುವುದಿಲ್ಲ, ಮೇಲೆ ಉಳಿದದ್ದು ಕಮಟು ವಾಸನೆಗೆ ತಿರುಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಂದೆ ಹಚ್ಚುವ ಬಣ್ಣವೂ ಅದರ ಮೇಲೆ ನಿಲ್ಲುವುದಿಲ್ಲ.

ಬಣ್ಣವೇ ಹೋಗಿರುವಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ತೆಗೆದು, 600ರಿಂದ 800ರ ದರ್ಜೆಯ ನಯವಾದ ಉಪ್ಪುಕಾಗದದಿಂದ ಬಿರುಕಿನ ಅಂಚುಗಳನ್ನು ಹಗುರವಾಗಿ ತಿಕ್ಕಿ ಸಮಗೊಳಿಸಬೇಕು. ಆಳವಾದ ಬಿರುಕಿಗೆ ಬಾಗುವ ಗುಣವಿರುವ ಚರ್ಮದ ಫಿಲ್ಲರನ್ನು ತೆಳ್ಳಗೆ ತುಂಬಿ, ಒಣಗಿದ ಮೇಲೆ ಪುನಃ ತಿಕ್ಕಬೇಕು. ಹರಿದು ತೂತಾಗಿದ್ದರೆ ಒಂದು ತುಂಡು ಬಟ್ಟೆಯನ್ನು ಚರ್ಮದ ಅಡಿಗೆ ತೂರಿಸಿ, ಬಾಗುವ ಅಂಟಿನಿಂದ ಹಿಡಿಸಿದ ಬಳಿಕವೇ ಫಿಲ್ಲರ್ ತುಂಬುವುದು ಕ್ರಮ. ಆಧಾರವಿಲ್ಲದ ಫಿಲ್ಲರ್ ಯಾರಾದರೂ ಕುಳಿತೊಡನೆ ಒಡೆಯುತ್ತದೆ. ಬಣ್ಣವನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ಒಣಗಿಸಿ ತಾಳೆ ನೋಡುವುದು ಅಗತ್ಯ, ಏಕೆಂದರೆ ಹಸಿಯಿರುವಾಗ ಕಾಣುವ ಛಾಯೆ ಒಣಗಿದ ಮೇಲೆ ಉಳಿಯುವುದಿಲ್ಲ. ನೀರು ಮಾಧ್ಯಮದ ಈ ಬಣ್ಣವನ್ನು ಸ್ಪಂಜಿನಿಂದ ಒತ್ತೊತ್ತಿ ಹಚ್ಚುತ್ತಾರೆ. ಒಮ್ಮೆಲೇ ದಪ್ಪವಾಗಿ ಬಳಿದರೆ ಪೊರೆ ಮಡಿಕೆಯಲ್ಲಿ ಬಿರಿಯುವುದರಿಂದ, ಪ್ರತಿ ಪದರವೂ ಒಣಗುವವರೆಗೆ ಕಾಯುವ ತಾಳ್ಮೆಯೇ ಈ ಕುಶಲತೆಯ ಮುಖ್ಯ ಬಂಡವಾಳ. ಬಣ್ಣ ಸಮನಾದ ಬಳಿಕ ರಕ್ಷಾಲೇಪ ಕೊಡಬೇಕು. ಅದನ್ನು ಬಿಟ್ಟರೆ ಹೊಸ ಬಣ್ಣ ಕುಳಿತವರ ಬಟ್ಟೆಗೆ ಹತ್ತುತ್ತದೆ.

ನೀರು ಆರಿಯೇ ಗಟ್ಟಿಯಾಗುವ ಈ ಲೇಪಗಳು ಮಳೆಗಾಲದ ಗಾಳಿಯಲ್ಲಿ ಬಹುಕಾಲ ಅಂಟಂಟಾಗಿ ಉಳಿಯುವುದರಿಂದ, ಬಿಜೈಯಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳೇ ಪ್ರಶಸ್ತ. ಸೀಟು ಮುಟ್ಟಲು ಒಣಗಿದಂತೆ ಕಂಡರೂ ಒಳಪದರ ಪೂರ್ತಿ ಬಲಿಯಲು ಕೆಲವು ದಿನ ಬೇಕಾಗುತ್ತದೆ. ಅಲ್ಲಿಯವರೆಗೆ ಕಾರನ್ನು ನೆರಳಿನಲ್ಲಿ ಕಿಟಕಿ ತುಸು ಇಳಿಸಿ ನಿಲ್ಲಿಸುವುದು ಒಳ್ಳೆಯದು. ಇದೆಲ್ಲದರ ನಡುವೆ ಮನೆಯವರು ಮುಟ್ಟಬಾರದ ಭಾಗವೂ ಒಂದಿದೆ. ಬೆನ್ನೊರಗಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಗುರುತಿದ್ದರೆ, ಅಲ್ಲಿನ ಹೊಲಿಗೆಯನ್ನು ಅಪಘಾತದ ಕ್ಷಣದಲ್ಲಿ ಬಿಚ್ಚಿಕೊಂಡು ಗಾಳಿಚೀಲಕ್ಕೆ ದಾರಿ ಕೊಡುವಂತೆ ಬೇಕೆಂದೇ ದುರ್ಬಲವಾಗಿ ಹಾಕಿರುತ್ತಾರೆ. ಆ ಹೊಲಿಗೆಗೆ ಅಂಟಾಗಲಿ, ಫಿಲ್ಲರ್ ಆಗಲಿ, ಗಟ್ಟಿ ದಾರವಾಗಲಿ ತಾಗದಂತೆ ಬಿಟ್ಟು, ಅಲ್ಲಿ ಹರುಕಿದ್ದರೆ ಕಾರು ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೇ ಒಯ್ಯಬೇಕು.