ದಾಂಡೇಲಿಯಿಂದ ಮುಂಡಗೋಡಕ್ಕೆ ವಿಮಾನದಲ್ಲಿ 4 ನಿಮಿಷ! ಈ ಲೆಕ್ಕ ಎಲ್ಲಿಂದ ಬಂತು?

ಎರಡು ಊರುಗಳ ಹೆಸರು ಹಾಕಿದರೆ ಸಾಕು, ನಡುವಿನ ದೂರ ಮತ್ತು ‘ವಿಮಾನದ ಸಮಯ’ ತೋರಿಸುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಅದರ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ನಮ್ಮೂರಿಗೂ ವಿಮಾನ ಬಂತಾ ಎಂಬ ಪ್ರಶ್ನೆ ಏಳುವುದು ಸಹಜ. ಬಂದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಹಾಗಿರಲಿ, ಇಡೀ ಉತ್ತರ ಕನ್ನಡ ಜಿಲ್ಲೆಯಲ್ಲೇ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಇಲ್ಲಿನವರು ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೋ ಬೆಳಗಾವಿಗೋ ಗೋವಾಕ್ಕೋ ಹೋಗಬೇಕು.

ಹಾಗಾದರೆ ಆ ನಿಮಿಷಗಳು ಎಲ್ಲಿಂದ ಬಂದವು? ಲೆಕ್ಕ ಸರಳ. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯ ತ್ರಿಜ್ಯ 6,371 ಕಿಲೋಮೀಟರ್ ಎಂದಿಟ್ಟುಕೊಂಡು ನೇರ ದೂರ ಕಂಡುಹಿಡಿಯುತ್ತಾರೆ. ದಾಂಡೇಲಿ–ಮುಂಡಗೋಡಕ್ಕೆ ನಾವೂ ಲೆಕ್ಕ ಹಾಕಿದೆವು, ಸುಮಾರು 55 ಕಿಲೋಮೀಟರ್ ಬಂತು. ಇದನ್ನು ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ 800 ಕಿಲೋಮೀಟರ್‌ನಿಂದ ಭಾಗಿಸಿದರೆ 4 ನಿಮಿಷ! ಕೆಲವು ಸೈಟ್‌ಗಳು ಏರಲು, ಇಳಿಯಲು ಎಂದು ಅರ್ಧ ಗಂಟೆ ಸೇರಿಸುತ್ತವೆ. ಆಗ ಅದೇ ದಾರಿ 34 ನಿಮಿಷವಾಗುತ್ತದೆ. ಅಲ್ಲಿ ರನ್‌ವೇ ಇದೆಯೇ ಎಂದು ಲೆಕ್ಕ ಕೇಳುವುದೇ ಇಲ್ಲ.

ನಿಜವಾಗಿ ವಿಮಾನ ಹಾರುವ ಕಡೆಯೂ ಇದು ಸರಿಹೊಂದುವುದಿಲ್ಲ. ಹುಬ್ಬಳ್ಳಿ–ಬೆಂಗಳೂರು ನೇರ ದೂರ ಸುಮಾರು 370 ಕಿಲೋಮೀಟರ್, ಈ ಸೂತ್ರದ ಪ್ರಕಾರ 28 ನಿಮಿಷ. ಟಿಕೆಟ್ ಮೇಲೆ ಇರುವುದು ಒಂದು ಗಂಟೆಯ ಆಸುಪಾಸು.

ನಗುವ ವಿಷಯ ಇಲ್ಲಿಗೆ ಮುಗಿಯಿತು. ವಿಮಾನದ ನಿಮಿಷವನ್ನು ಯಾರೂ ನಂಬಿ ಹೊರಡುವುದಿಲ್ಲ, ಆದರೆ ಪಕ್ಕದಲ್ಲೇ ಇರುವ ಕಿಲೋಮೀಟರ್ ಅಂಕಿಯನ್ನು ನಂಬುತ್ತಾರೆ. ಜೋಯಿಡಾದಿಂದ ಹುಬ್ಬಳ್ಳಿಗೆ ನೇರ ಗೆರೆ ಎಳೆದರೆ 70 ಕಿಲೋಮೀಟರ್ ಚಿಲ್ಲರೆ. ರೋಗಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಗಣೇಶಗುಡಿ, ದಾಂಡೇಲಿ, ಹಳಿಯಾಳದ ಮೇಲೆ ಸುಮಾರು 100 ಕಿಲೋಮೀಟರ್ ಓಡಬೇಕು, ಅದರಲ್ಲಿ ಮೊದಲ ಭಾಗ ಕಾಡಿನ ತಿರುವುಗಳು. ಜೋಯಿಡಾ ತಾಲೂಕಿನೊಳಗೇ ಇನ್ನೂ ಕಷ್ಟ. ಕಾಳಿ ನದಿಗೆ ಅಡ್ಡಲಾಗಿ ಕಟ್ಟಿದ ಸೂಪಾ ಅಣೆಕಟ್ಟಿನ ಹಿನ್ನೀರು ತಾಲೂಕಿನ ನಡುವೆ ಹರಡಿಕೊಂಡಿದೆ. ಹಳೆಯ ಸೂಪಾ ಪಟ್ಟಣವೇ ಅದರಲ್ಲಿ ಮುಳುಗಿದೆ. ಜೋಯಿಡಾದಿಂದ ರಾಮನಗರಕ್ಕೆ ನಕ್ಷೆಯಲ್ಲಿ ಎಳೆದ ಗೆರೆ ನೀರಿನ ಮೇಲೆ ಹಾದುಹೋಗುತ್ತದೆ, ಬಸ್ಸು ಗಣೇಶಗುಡಿ, ಜಗಲಬೇಟದ ಮೇಲೆ ಸುತ್ತಿ ಹೋಗುತ್ತದೆ.

ಇನ್ನೊಂದು ಮಾತು. ‘ಜೋಯಿಡಾ’ ಎಂದು ಹಾಕಿದಾಗ ಸೈಟ್ ಹಿಡಿಯುವುದು ಊರಿನ ಒಂದು ಬಿಂದುವನ್ನು ಮಾತ್ರ. ಕಾಡಿನೊಳಗಿನ ಹಳ್ಳಿಯಿಂದ ಮುಖ್ಯ ರಸ್ತೆಗೆ ಬರುವ ದೂರ ಅದರಲ್ಲಿ ಸೇರಿರುವುದಿಲ್ಲ.

ದೂರ ನೋಡಲೇಬೇಕಿದ್ದರೆ ಮ್ಯಾಪ್‌ನಲ್ಲಿ ಕಾರಿನ ಚಿತ್ರವಿರುವ ದಾರಿಯನ್ನು ಒತ್ತಿ ನೋಡಿ, ಮಳೆಗಾಲವಾದರೆ ಅದರ ಮೇಲೂ ಸಮಯ ಸೇರಿಸಿಕೊಳ್ಳಿ. 108ಕ್ಕೆ ಕರೆ ಮಾಡಿದಾಗ ಕಿಲೋಮೀಟರ್ ಹೇಳುವ ಬದಲು ಹಳ್ಳಿ, ಗ್ರಾಮ ಪಂಚಾಯ್ತಿ, ಹತ್ತಿರದ ಶಾಲೆ ಅಥವಾ ಬಸ್ ನಿಲ್ದಾಣದ ಗುರುತು ಹೇಳಿ.